ಕೆಂಡದವನ ಎದುರು

ಐವತ್ತರ ಹತ್ತಿರ ಬಂದ ಹೆಂಗಸು ಟಿ.ವಿ. ಮುಂದೆ ಕಾಲು ಚಾಚಿ ಕೂತು ವಿಡಿಯೊ ಗೇಮ್ ಆಡುತ್ತಾಳೆ ಅಂದರೆ ನಮ್ಮ ಕಡೆ ಜನ ಮೊದಲು ನಗುತ್ತಾರೆ, ಆಮೇಲೆ ‘ಪಾಪ’ ಅನ್ನುತ್ತಾರೆ. ನಗುವುದನ್ನು ಹೇಗೋ ಸಹಿಸಬಹುದು. ಆ ‘ಪಾಪ’ವನ್ನು ಮಾತ್ರ ಒಂದು ಬೇಸಿಗೆಯಲ್ಲಿ ಎಷ್ಟು ಕೇಳಿದ್ದೆನೆಂದರೆ, ಎದುರಿಗೆ ಬರುವವರ ಮುಖ ನೋಡಿದರೇ ಆ ಮಾತು ಬರುತ್ತಿದೆ ಎಂದು ನನಗೆ ಗೊತ್ತಾಗಿಬಿಡುತ್ತಿತ್ತು.

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆಯೂ ಅಲ್ಲೇ. ನನ್ನ ಗಂಡ ನಾಗಮಂಗಲದಲ್ಲಿ ಕರೆಂಟು ಇಲಾಖೆಯ ಕೆಲಸಕ್ಕೆ ದಿನಾ ಬೈಕಿನಲ್ಲಿ ಹೋಗಿಬರುತ್ತಾರೆ. ನನ್ನ ತವರು ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರು. ನನ್ನ ಕೈ ಬೆಂದದ್ದೂ ಅಲ್ಲೇ, ತಮ್ಮನ ಮಗುವಿಗೆ ಹೆಸರಿಡುವ ದಿನ.

ಹಿತ್ತಲಲ್ಲಿ ಕಲ್ಲು ಹೂಡಿ ಒಲೆ ಮಾಡಿದ್ದರು. ಅಡುಗೆಯವರು ಇದ್ದರು, ಆದರೂ ತವರಿಗೆ ಹೋದ ಹೆಣ್ಣುಮಗಳು ಸುಮ್ಮನೆ ಕೂರುವುದುಂಟೇ? ವಡೆ ಕರಿಯುವಲ್ಲಿ ನಾನೂ ಒಂದು ಜಾಲರಿ ಸೌಟು ಹಿಡಿದು ನಿಂತಿದ್ದೆ. ಒಲೆಯ ಒಂದು ಕಲ್ಲು ಜರುಗಿತು. ಬಾಣಲೆ ನನ್ನ ಕಡೆಗೆ ವಾಲಿತು. ಕಾದ ಎಣ್ಣೆ ಮೊದಲು ನನ್ನ ಬಲಗೈ ಮೇಲೆ, ಆಮೇಲೆ ಸೌದೆಯ ಮೇಲೆ ಬಿತ್ತು. ಸೌದೆಯ ಮೇಲೆ ಬಿದ್ದ ಎಣ್ಣೆ ಭಗ್ ಎಂದು ಎದ್ದ ಸದ್ದು ನನಗೆ ಈಗಲೂ ನೆನಪಿದೆ. ಆ ಕ್ಷಣ ಬೆಂಕಿ ನನ್ನ ಎತ್ತರಕ್ಕೆ ಎದ್ದು ನಿಂತು ನನ್ನನ್ನು ನೋಡಿದಂತಾಯಿತು. ಇದು ಮಾತಿನ ಅಲಂಕಾರವಲ್ಲ, ನನಗೆ ಹಾಗೇ ಅನ್ನಿಸಿತು. ಯಾರೋ ಹಿಂದಿನಿಂದ ನನ್ನನ್ನು ಎಳೆದರು, ಕೈಯನ್ನು ನೀರಿನ ತೊಟ್ಟಿಗೆ ಅದ್ದಿದರು. ಅಲ್ಲಿಂದಾಚೆಗೆ ನೆನಪಿರುವುದು ನನ್ನ ಕೂಗು ಮಾತ್ರ.

ಗಂಡನ ಕೆಲಸ ಆ ಕಡೆಯೇ ಆದ್ದರಿಂದ ಆದಿಚುಂಚನಗಿರಿಯ ಆಸ್ಪತ್ರೆಗೆ ಸೇರಿಸಿದರು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಗಾಯ ಮಾಯಿತು, ಆದರೆ ಬೆರಳುಗಳು ಬಿಗಿದುಕೊಂಡವು. ತೋರುಬೆರಳು ಮಡಚುತ್ತಲೇ ಇರಲಿಲ್ಲ. ಹೆಬ್ಬೆರಳಿಗೂ ಅದಕ್ಕೂ ನಡುವಿನ ಚರ್ಮ ಒಣಗಿದ ತೊಗಲಿನ ಹಾಗೆ ಎಳೆಯುತ್ತಿತ್ತು. ವ್ಯಾಯಾಮ ಮಾಡಿಸುವ ಹುಡುಗಿ ಒಂದು ಸ್ಪಂಜಿನ ಚೆಂಡು ಕೊಟ್ಟು, “ಮೇಡಂ, ದಿನಾ ಇದನ್ನ ಹಿಸುಕಬೇಕು. ನೋವಾಗುತ್ತೆ, ಆದ್ರೂ ಬಿಡಬಾರದು. ಬಿಟ್ರೆ ಕೈ ಇಷ್ಟಕ್ಕೇ ನಿಂತುಬಿಡುತ್ತೆ” ಎಂದಳು. ನಾನು ತಲೆಯಾಡಿಸಿದೆ. ಮನೆಗೆ ಬಂದು ಹಿಸುಕಿದೆ. ಕಣ್ಣಲ್ಲಿ ನೀರು ಬಂತು. ಮಾರನೇ ದಿನ ಚೆಂಡನ್ನು ಬೀರುವಿನ ಮೇಲೆ ಎಸೆದೆ.

ಮನೆಯಲ್ಲಿ ಜಾತ್ರೆಯಂತೆ ಜನ. ಬಂದವರೆಲ್ಲ ಮೊದಲು ನನ್ನ ಕೈ ನೋಡುತ್ತಿದ್ದರು, ಆಮೇಲೆ ಮುಖ. ನಮ್ಮ ಅತ್ತೆ ಒಳ್ಳೆಯವರು. ಆದರೆ ಅವರ ಒಳ್ಳೆಯತನವೇ ನನಗೆ ಉಸಿರು ಕಟ್ಟಿಸುತ್ತಿತ್ತು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಗೇ ಇಡುತ್ತಿದ್ದರು. “ನೀನ್ ಸುಮ್ಕಿರವ್ವ, ಕೈ ಆಡುಸ್‌ಬ್ಯಾಡ” ಅನ್ನುತ್ತಿದ್ದರು. ಎಡಗೈಯಲ್ಲಿ ಚಮಚ ಹಿಡಿದರೂ ಕಿತ್ತುಕೊಳ್ಳುತ್ತಿದ್ದರು.

ಒಂದು ದಿನ ಭಾವ ಬಂದರು. ಭಾವ ಅಂದರೆ ನನ್ನ ಗಂಡನ ಅಣ್ಣ, ಮನೆಯ ದೊಡ್ಡ ಗಂಡಸು, ಎಲ್ಲರ ಬದುಕಿನ ಬಗ್ಗೆಯೂ ತೀರ್ಮಾನ ಕೊಡುವವರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು: “ನೋಡಮ್ಮ, ಮೇಷ್ಟ್ರು ಕೆಲ್ಸ ಅಂದ್ರೆ ಬೋರ್ಡ್ ಮ್ಯಾಲೆ ಬರೀಬೇಕು. ನಿಂಗೆ ಇನ್ ಆಯ್ಕಿಲ್ಲ. ಮರ್ಯಾದೆಯಾಗಿ ಬುಟ್‌ಬುಡು. ಇಸ್ಕೂಲ್‌ನವ್ರೇ ಏಳೋಗಂಟ ಯಾಕ್ ಕಾಯ್ಬೇಕು?”

ನಾನು ಎಡಗೈಯಲ್ಲಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಆದರೆ ಶಾಲೆಯಿಂದಲೂ ಆಗಲೇ ಮಾತು ಬಂದಿತ್ತು. ರಜೆ ಮುಗಿದ ಮೇಲೆ ಬಂದರೆ ಲೈಬ್ರರಿ ನೋಡಿಕೊಳ್ಳಬಹುದು, ಗಣಿತಕ್ಕೆ ಬೇರೆಯವರನ್ನು ಹಾಕೋಣ ಎಂದು ಹೆಡ್‌ಮಾಸ್ಟರು ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದ್ದರು. ಮೆತ್ತಗಿನ ಮಾತಿಗೆ ಎದುರು ಹೇಳುವುದು ಕಷ್ಟ.

ಆ ವಾರವೇ ನನ್ನ ನಾದಿನಿ ಬಂದಳು. ಅವಳು ಕೆ.ಆರ್. ಪೇಟೆಯಲ್ಲಿ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಮದುವೆ ಬೇಡವೆಂದು ಒಬ್ಬಳೇ ಬಾಡಿಗೆ ಮನೆಯಲ್ಲಿದ್ದಾಳೆ. ಮನೆಯಲ್ಲಿ ಅವಳ ಹೆಸರೆತ್ತಿದರೆ ಎಲ್ಲರೂ ಒಂದು ನಿಟ್ಟುಸಿರು ಬಿಡುತ್ತಾರೆ. ಅವಳು ಒಳಗೆ ಬಂದವಳೇ ತಾಯಿ ನನಗೆ ತುತ್ತಿಡುತ್ತಿದ್ದುದನ್ನು ನೋಡಿದಳು. ನಿಂತಲ್ಲೇ ಕೇಳಿದಳು: “ಅತ್ಗೆ, ನನ್ ಜೊತೆ ಬತ್ತೀರಾ? ರಜಾ ಮುಗಿಯೋಗಂಟ ನಮ್ಮನೇಲಿರಿ. ನಾನೇನ್ ತುತ್ತಿಡಕಿಲ್ಲ, ಈಗಲೇ ಏಳ್ಬುಟ್ಟಿವ್ನಿ.”

ನಾನು ಅಂದೇ ಹೊರಟೆ.

ಅವಳ ಮನೆಯಲ್ಲಿ ಒಂದು ದೊಡ್ಡ ಟಿ.ವಿ. ಇತ್ತು. ಒಂಟಿ ಹೆಂಗಸಿಗೆ ಇಷ್ಟು ದೊಡ್ಡ ಟಿ.ವಿ. ಯಾಕೆ, ಧಾರಾವಾಹಿ ನೋಡುವ ಚಟ ಇರಬೇಕು ಎಂದು ನಮ್ಮ ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಧಾರಾವಾಹಿ ಅಲ್ಲ. ಆಫೀಸಿನಿಂದ ಬಂದು, ಕಾಲು ತೊಳೆದು, ದೀಪ ಹಚ್ಚಿ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಅವಳು ಗೇಮ್ ಆಡುತ್ತಿದ್ದಳು. ಪರದೆಯ ಮೇಲೆ ಯಾವುದೋ ಹಾಳೂರು, ಮುರಿದ ಕೋಟೆ, ಕತ್ತಿ ಹಿಡಿದವಳೊಬ್ಬಳು. ಎರಡು ಸಂಜೆ ನಾನು ಮುಖ ತಿರುಗಿಸಿ ಕೂತೆ. ಮೂರನೆಯ ಸಂಜೆ ನಾನೇ ಬಾಯಿಬಿಟ್ಟೆ: “ಅಲ್ಲಮ್ಮಿ, ಆ ಬಾಗಿಲ ಹಿಂದೆ ಒಬ್ಬ ನಿಂತವ್ನೆ, ಕಾಣಕಿಲ್ವಾ ನಿಂಗೆ?”

ಅವಳು ನಕ್ಕು ಕಂಟ್ರೋಲರನ್ನು ನನ್ನ ಮಡಿಲಿಗೆ ಹಾಕಿದಳು. “ತಗೊಳಿ, ನೀವೇ ಒಡೀರಿ.”

ಕಂಟ್ರೋಲರು ಅಂದರೆ ಎರಡೂ ಕೈಯಲ್ಲಿ ಹಿಡಿಯುವ ಕಪ್ಪು ವಸ್ತು. ಎಡ ಹೆಬ್ಬೆರಳಿನಿಂದ ನಡೆಯಬೇಕು, ಬಲ ಹೆಬ್ಬೆರಳಿನಿಂದ ಉರುಳಿ ತಪ್ಪಿಸಿಕೊಳ್ಳಬೇಕು, ಬಲ ತೋರುಬೆರಳಿನಿಂದ ಒತ್ತಿ ಹೊಡೆಯಬೇಕು. ನನಗೆ ಬೇಕಾದ ಬೆರಳುಗಳೇ ನನ್ನಲ್ಲಿ ಇರಲಿಲ್ಲ. ಅವಳು ಅದನ್ನು ನೋಡಿ, “ತಡೀರಿ, ಎಲ್ಲಾ ಬಟನ್ನೂ ಎಡಗಡೆಗೆ ಮಾಡ್ಕೊಡ್ತೀನಿ, ಅಂಗೂ ಬತ್ತದೆ” ಎಂದಳು.

“ಎಡಗೈ ಬೆಂದಿಲ್ಲ. ಅದಕ್ಯಾಕೆ ಕೆಲ್ಸ ಕೊಡ್ತೀಯ?” ಎಂದೆ.

ಹೀಗೆ ಅಂದದ್ದು ಹೇಗೆ ಎಂದು ನನಗೇ ಆಶ್ಚರ್ಯ. ಎಷ್ಟೋ ವಾರದ ನಂತರ ನನ್ನ ಬಾಯಿಂದ ಬಂದ ಮೊದಲ ಗಟ್ಟಿ ಮಾತು ಅದು.

ಈ ಬಗೆಯ ಆಟದಲ್ಲಿ ಮೊದಲು ನಾವು ಯಾರು ಎಂದು ನಾವೇ ಮಾಡಿಕೊಳ್ಳಬೇಕು. ನಾದಿನಿ ಚೆಂದದ ಹುಡುಗಿಯರ ಮುಖಗಳನ್ನೆಲ್ಲ ತೋರಿಸಿದಳು. ನಾನು ಒಬ್ಬ ಮುದುಕಿಯನ್ನು ಮಾಡಿದೆ. ನರೆತ ಜಡೆ, ದಪ್ಪ ಹುಬ್ಬು, ಅಗಲ ಭುಜ. ಸೀರೆ ಇರಲಿಲ್ಲ, ಒಂದು ಉದ್ದ ನಿಲುವಂಗಿಯಲ್ಲಿ ತೃಪ್ತಿಪಟ್ಟುಕೊಂಡೆ. ಕೈಗೆ ನೀರು ಚಿಮ್ಮುವ ಕೋಲು, ಸೊಂಟಕ್ಕೆ ಒಂದು ಗದೆ. ಆ ಮುದುಕಿ ಮೊದಲ ದಿನವೆಲ್ಲ ಗೋಡೆಗೆ ಮುಖ ಹಾಕಿ ನಡೆದಳು. ಒಂದು ಬಾವಿಗೆ ಬಿದ್ದಳು. ನಾಯಿಯೊಂದು ಕಚ್ಚಿ ಕೊಂದಿತು. ಪ್ರತಿ ಸಲ ಸತ್ತಾಗಲೂ ಎದ್ದು, ಅದೇ ಜಾಗದಲ್ಲಿ, ಅದೇ ಮುಖ ಹೊತ್ತು ನಿಲ್ಲುತ್ತಿದ್ದಳು. ಯಾರೂ ‘ಪಾಪ’ ಅನ್ನುತ್ತಿರಲಿಲ್ಲ. ಸತ್ತೆಯಾ, ಸರಿ, ಮತ್ತೆ ಹೋಗು. ಆ ಲೋಕದ ಈ ಕಟುವಾದ ರೀತಿ ನನಗೆ ತುಂಬ ಇಷ್ಟವಾಯಿತು.

ನೋವಾಗುತ್ತಿತ್ತು. ಆದರೆ ಚೆಂಡು ಹಿಸುಕುವಾಗ ನೋವು ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿ ನೋವಿನ ಜೊತೆಗೆ ನಾಯಿಯೂ ಇತ್ತು, ಮುಂದಿನ ಬಾಗಿಲೂ ಇತ್ತು. ನಾದಿನಿ ಆಫೀಸಿಗೆ ಹೋದ ಮೇಲೆ, ಎಡಗೈಯಲ್ಲೇ ಅನ್ನಕ್ಕಿಟ್ಟು, ನಾನು ಆಡಲು ಕೂರುತ್ತಿದ್ದೆ. ಅವಳ ಮನೆಯಲ್ಲಿ ಕರೆಂಟ್ ಒಲೆ ಇತ್ತು. ಉರಿ ಕಾಣದ ಒಲೆ ಆದ್ದರಿಂದ ಅದರ ಹತ್ತಿರ ಹೋಗಬಲ್ಲವಳಾಗಿದ್ದೆ. ಗ್ಯಾಸಿನ ನೀಲಿ ಉರಿ ಕಂಡರೆ ಆಗ ನನ್ನ ಬೆನ್ನು ಬೆವರುತ್ತಿತ್ತು.

ಹೀಗೆ ಹೋಗುತ್ತ ಹೋಗುತ್ತ ಒಂದು ಮಧ್ಯಾಹ್ನ ಆ ಮುದುಕಿ ದೊಡ್ಡ ಕಲ್ಲಿನ ಬಾಗಿಲನ್ನು ತಳ್ಳಿದಳು. ಒಳಗೆ ಕಂಬಗಳ ಮಂಟಪ. ನಡುವೆ ಒಂದು ಹೊಂಡ, ಹೊಂಡದ ತುಂಬ ಕೆಂಡ. ಕೆಂಡ ಅಲುಗಾಡಿತು. ಒಂದು ತಲೆ ಎದ್ದಿತು, ಭುಜ ಎದ್ದಿತು, ಮನೆಯೆತ್ತರದ ಒಂದು ಆಕಾರ ಪೂರ್ತಿ ಎದ್ದು ನಿಂತು ನನ್ನ ಕಡೆ ತಿರುಗಿತು. ಕೈಯಲ್ಲಿದ್ದ ಕಂಟ್ರೋಲರು ಗಡಗಡ ನಡುಗಿತು. ಅದು ಅದರ ಗುಣ, ದೊಡ್ಡ ಶತ್ರು ಎದ್ದಾಗ ನಡುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕೈಯೇ ನಡುಗುತ್ತಿದೆ ಅಂದುಕೊಂಡೆ. ಅದನ್ನು ನೆಲಕ್ಕೆ ಎಸೆದು ಹೊರಗೆ ಓಡಿ ಹಿತ್ತಲಲ್ಲಿ ನಿಂತೆ. ಒಗೆದು ಹಾಕಿದ್ದ ಬಟ್ಟೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ.

ಸಂಜೆ ನಾದಿನಿಗೆ ಹೇಳಿದೆ. ಅವಳ ಮುಖ ಸಪ್ಪಗಾಯಿತು. “ಅಯ್ಯೋ, ನಂಗೆ ಗ್ಯಾನವೇ ಇಲ್ಲ ಅತ್ಗೆ. ಬೆಂಕಿ ಬಾಸ್ ಅದು. ಬ್ಯಾಡ ಬುಡಿ, ಬ್ಯಾರೆ ಗೇಮ್ ಆಕ್ತೀನಿ. ತೋಟ ಮಾಡೋ ಗೇಮ್ ಐತೆ, ಚೆಂದಾಗಿರ್ತದೆ.”

“ತೋಟ ಮಾಡಕೆ ಕಿರಂಗೂರಲ್ಲಿ ನಮ್ಮ ತಮ್ಮ ಅವ್ನೆ” ಎಂದೆ. “ಇವನು ಯಾರು, ಏನು ಮಾಡ್ತಾನೆ, ಏಳು.”

ಅವಳು ಹೇಳಿದಳು. ಬಾಸ್ ಅಂದರೆ ಆಟದ ಒಂದೊಂದು ಘಟ್ಟದ ಕೊನೆಗೆ ಕಾದಿರುವ ದೊಡ್ಡ ಶತ್ರು. ಇವನು ಬೆಂಕಿಯ ಜೀವ. ಬೆಂಕಿಯಿಂದ ಹೊಡೆದರೆ ಬೆಳೆಯುತ್ತಾನೆ, ಕತ್ತಿ ಅವನೊಳಗೆ ಸುಮ್ಮನೆ ಹಾದುಹೋಗುತ್ತದೆ. ನೀರು ಹೊಡೆದರೆ ಆರಿ ಕಪ್ಪು ಕಲ್ಲಾಗುತ್ತಾನೆ. ಕಲ್ಲಾದ ಆ ಸ್ವಲ್ಪ ಹೊತ್ತಿನಲ್ಲೇ ಹತ್ತಿರ ಹೋಗಿ ಗದೆಯಿಂದ ಹೊಡೆಯಬೇಕು. ತಡ ಮಾಡಿದರೆ ಒಳಗಿನಿಂದ ಮತ್ತೆ ಹೊತ್ತಿಕೊಳ್ಳುತ್ತಾನೆ. ನಾವು ಅವನಿಗೆ ‘ಕೆಂಡದವನು’ ಎಂದು ಹೆಸರಿಟ್ಟೆವು.

ಅಂದಿನಿಂದ ದಿನಾ ಕೆಂಡದವನ ಕೈಯಲ್ಲಿ ಸಾಯುವುದೇ ನನ್ನ ಕೆಲಸವಾಯಿತು. ಅವನು ಎರಡೂ ಕೈ ತಟ್ಟಿದರೆ ನೆಲದ ಮೇಲೆ ಬೆಂಕಿಯ ಗೆರೆ ಓಡಿ ಬರುತ್ತಿತ್ತು. ಉಸಿರೆಳೆದುಕೊಂಡರೆ ನನ್ನ ಮುದುಕಿ ಅವನ ಕಡೆಗೇ ಜಾರುತ್ತಿದ್ದಳು. ನೀರು ಹೊಡೆಯುವುದನ್ನು ಬೇಗ ಕಲಿತೆ, ಅದಕ್ಕೆ ಹೆಬ್ಬೆರಳು ಸಾಕಿತ್ತು. ಅವನು ಕಪ್ಪಾಗಿ ನಿಲ್ಲುತ್ತಿದ್ದ. ಆಗ ಹತ್ತಿರ ಹೋಗಬೇಕು. ನಾನು ಹೋಗುತ್ತಿರಲಿಲ್ಲ. ಪ್ರತಿ ಸಲವೂ ಹಿಂದಕ್ಕೆ ಓಡುತ್ತಿದ್ದೆ. ಅವನು ಆರಿ ನಿಂತಿದ್ದಾನೆ, ಒಳಗೆ ಇನ್ನೂ ಕೆಂಡವಿದೆ ಎಂದು ನನ್ನ ಕೈಗೆ ಗೊತ್ತಿತ್ತು. ನಾನು ದೂರ ನಿಂತು ನೋಡುತ್ತಿರುವಾಗಲೇ ಅವನ ಮೈಯ ಬಿರುಕುಗಳಲ್ಲಿ ಕೆಂಪು ಹರಿದು, ಮತ್ತೆ ಎದ್ದು, ನನ್ನನ್ನು ಸುಡುತ್ತಿದ್ದ.

“ಅತ್ಗೆ, ಕಪ್ಪಾದಾಗ ಅತ್ರಕ್ಕೆ ಓಗ್ಬೇಕು” ನಾದಿನಿ ಅನ್ನುತ್ತಿದ್ದಳು.

“ಗೊತ್ತು ಕಣಮ್ಮಿ.”

“ಗೊತ್ತಿದ್ರೆ ಓಗಿ ಮತ್ತೆ!”

“ಓಗ್ತೀನಿ ಇರು ಅಂದೆ!” ನಾನು ಕಿರುಚುತ್ತಿದ್ದೆ. ಪಕ್ಕದ ಮನೆಯಾಕೆ ಒಂದು ಸಲ ಇಣುಕಿ, ಏನು ಜಗಳ ಎಂದು ವಿಚಾರಿಸಿ ಹೋದಳು.

ಒಂದು ಭಾನುವಾರ ನಾವು ಗೋವಿಂದನಹಳ್ಳಿಗೆ ಹೋದೆವು. ಅವಳ ಸ್ಕೂಟರಿನಲ್ಲಿ, ನನ್ನ ಕೈಯನ್ನು ಬಿಸಿಲಿಗೆ ಬೀಳದಂತೆ ಸೆರಗಿನಲ್ಲಿ ಸುತ್ತಿಕೊಂಡು. ಐದು ಗುಡಿ ಸಾಲಾಗಿ, ಎಲ್ಲಕ್ಕೂ ಸೇರಿ ಕಂಬಗಳ ಉದ್ದನೆಯ ಒಂದೇ ಮೊಗಸಾಲೆ. ಕೈಮುಗಿದು ಬಂದು ಆ ತಂಪಿನಲ್ಲಿ ಕೂತೆವು. ಕೂತವಳು ಕಂಬಗಳನ್ನೇ ನೋಡುತ್ತಿದ್ದೆ. ನಾದಿನಿಗೆ ನನ್ನ ಮನಸ್ಸು ತಿಳಿಯಿತು ಅಂತ ಕಾಣುತ್ತದೆ, ಎದ್ದು ಆ ತುದಿಯ ಕಂಬದ ಹತ್ತಿರ ನಿಂತಳು. “ನಾನೇ ಕೆಂಡದವನು. ಬನ್ನಿ ನೋಡಾನ” ಎಂದು ಎರಡೂ ಕೈ ಚಾಚಿದಳು.

ನಾನು ಎದ್ದೆ. ಅವಳು ಕೈ ತಟ್ಟಿದಳು, ನಾನು ಕಂಬದ ಹಿಂದೆ ಸರಿದೆ. ಅವಳು ಉಸಿರೆಳೆದಳು, ನಾನು ಕಂಬ ತಬ್ಬಿದೆ. “ನೀರ್ ಬಿತ್ತು, ಕಪ್ಪಾದೆ, ಬನ್ನಿ ಬನ್ನಿ ಬನ್ನಿ!” ಎಂದು ಅವಳು ಕಣ್ಣುಮುಚ್ಚಿ ಕಲ್ಲಿನಂತೆ ನಿಂತಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ನುಣುಪು ನೆಲದ ಮೇಲೆ ಬರಿಗಾಲಲ್ಲಿ ಓಡಿಹೋಗಿ ಅವಳ ತೋಳಿಗೆ ಗುದ್ದಿದೆ. ಬಲಗೈಯಿಂದಲೇ. ನೋವಿಗೆ ‘ಹಾ’ ಎಂದೆ, ಅವಳೂ ‘ಹಾ’ ಎಂದಳು.

ದರ್ಶನಕ್ಕೆ ಬಂದಿದ್ದ ಒಬ್ಬ ಯಜಮಾನರು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. “ಏನ್ರವ್ವಾ, ಯಾರ್ಗೆ ಬಂದಿರೋದು ಮೈಮ್ಯಾಲೆ? ನಿಮ್ಗೋ, ಆವಮ್ಮಂಗೋ?” ಎಂದು ಕೇಳಿದರು.

“ಇಬ್ರಿಗೂ ಕಣಪ್ಪ” ಎಂದಳು ನಾದಿನಿ.

ನಾನು ಆ ಬೇಸಿಗೆಯಲ್ಲಿ ಮೊದಲ ಸಲ ಹೊಟ್ಟೆ ಹಿಡಿದು ನಕ್ಕದ್ದು ಅಲ್ಲಿ, ಆ ಗುಡಿಯ ಮೆಟ್ಟಿಲ ಮೇಲೆ ಕೂತು.

ಅದಾದ ಮೇಲೆ ಕೆಂಡದವನ ಹತ್ತಿರ ಹೋಗಲು ಶುರುಮಾಡಿದೆ. ಹೋದೆ, ಆದರೆ ಹೊಡೆಯಲಾಗಲಿಲ್ಲ. ಗದೆಗೆ ತೋರುಬೆರಳು ಪೂರ್ತಿ ಮಡಚಿ ಒತ್ತಬೇಕು. ಅದು ಅರ್ಧಕ್ಕೆ ನಿಲ್ಲುತ್ತಿತ್ತು. ಗದೆ ಎತ್ತಿ ನಿಂತ ಮುದುಕಿ ಹಾಗೇ ಸುಟ್ಟುಹೋಗುತ್ತಿದ್ದಳು. ಆಟದಲ್ಲಿ ಸುಲಭದ ದಾರಿಯೂ ಇತ್ತು. ಒಂದು ಕಡೆ ಒತ್ತಿದರೆ ಕೆಂಡದವನ ಬಲ ಅರ್ಧಕ್ಕಿಳಿಯುತ್ತದೆ. ನಾದಿನಿ ಅದನ್ನು ತೋರಿಸಿದಳು, ತಪ್ಪೇನಿಲ್ಲ, ಎಷ್ಟೋ ಜನ ಮಾಡುತ್ತಾರೆ ಎಂದಳು. ತಪ್ಪಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ನನಗೆ ಆ ದಿನಗಳಲ್ಲಿ ಎಲ್ಲರೂ ಎಲ್ಲವನ್ನೂ ಅರ್ಧಕ್ಕಿಳಿಸಿ ಕೊಡುತ್ತಿದ್ದರು. ಅರ್ಧ ಕೆಲಸ, ಅರ್ಧ ದನಿ, ತುತ್ತು ಮಾಡಿದ ಮುದ್ದೆ. ಅವನೊಬ್ಬನೇ ನನ್ನ ಮೇಲೆ ಪೂರ್ತಿ ಬಲ ಹಾಕುತ್ತಿದ್ದವನು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಬೀರುವಿನ ಮೇಲೆ ಎಸೆದಿದ್ದ ಚೆಂಡನ್ನು ಗಂಡನ ಕೈಯಲ್ಲಿ ತರಿಸಿಕೊಂಡೆ. ಬೆಳಿಗ್ಗೆ ಕಾಫಿಗೆ ಮೊದಲೇ ಹಿಸುಕಲು ಕೂರುತ್ತಿದ್ದೆ. ಕಣ್ಣೀರು ಬಂದರೆ ಬರಲಿ ಎಂದು ಬಿಟ್ಟೆ. ಎಣ್ಣೆ ಹಚ್ಚಿ ಚರ್ಮ ತಿಕ್ಕಿ, ಎಡಗೈಯಿಂದ ಬಲ ತೋರುಬೆರಳನ್ನು ಒತ್ತಿ ಒತ್ತಿ ಮಡಚುತ್ತಿದ್ದೆ. ಕೆಂಡದವನನ್ನು ನೆನೆದುಕೊಂಡು ಮಡಚುತ್ತಿದ್ದೆ. ಒಂದು ದಿನ ಹೆಬ್ಬೆರಳ ಸಂದಿಯ ಚರ್ಮ ಬಿರಿದು ರಕ್ತ ಬಂತು. ಆಸ್ಪತ್ರೆಗೆ ಹೋದಾಗ ಆ ವ್ಯಾಯಾಮದ ಹುಡುಗಿ ಬೈದಳು: “ಇಷ್ಟು ಮಾಡಿ ಅಂತ ಯಾರು ಹೇಳಿದ್ದು ಮೇಡಂ?” ಆಮೇಲೆ ಬೆರಳನ್ನು ಹಿಡಿದು ಮಡಚಿ ನೋಡಿದಳು. “ಪರ್ವಾಗಿಲ್ವೇ. ಮನೇಲಿ ಏನ್ ಮಾಡ್ತಿದೀರ?”

“ಒಬ್ಬನ್ನ ಹೊಡೀಬೇಕು, ಅದಕ್ಕೆ” ಎಂದೆ. ಪಕ್ಕದಲ್ಲಿದ್ದ ನನ್ನ ಗಂಡ ಬೇರೆ ಕಡೆ ನೋಡಿದರು.

ಭಾವ ಕೆ.ಆರ್. ಪೇಟೆಗೆ ಬಂದದ್ದು ಅದೇ ವಾರದ ಕೊನೆಗೆ. ಜೊತೆಗೆ ನನ್ನ ಗಂಡ. ಶಾಲೆ ಶುರುವಾಗುವ ಮೊದಲು ರಾಜೀನಾಮೆಯ ಮಾತು ಮುಗಿಸಿಬಿಡಬೇಕೆಂದು ಬಂದಿದ್ದರು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನನ್ನ ಮುದುಕಿ ಮಂಟಪದ ನಡುವೆ ಇದ್ದಳು, ಕೆಂಡದವನು ಅರ್ಧ ಸತ್ತಿದ್ದ. ಅಷ್ಟು ದೂರ ನಾನು ಎಂದೂ ಹೋಗಿರಲಿಲ್ಲ.

ಹಿರಿಯರು ಬಂದರೆ ಏಳಬೇಕು. ನಾನು ಏಳಲಿಲ್ಲ.

“ಇದೇನಮ್ಮ ಇದು?” ಭಾವ ನಿಂತೇ ಕೇಳಿದರು.

“ಕೂತ್ಕೊಳಿ ಭಾವ. ಒಸಿ ತಡೀರಿ.”

“ಕೈ ಸರಿಯಿಲ್ಲ ಅಂತ ರಜಾ ಆಕೊಂಡು ಈ ಐಕಳಾಟ ಆಡ್ಕೊಂಡ್ ಕುಂತಿದ್ದೀಯ? ನಿಲ್ಸು ಮೊದ್ಲು.”

“ನಿಲ್ಸಾಕಾಗಕಿಲ್ಲ ಭಾವ, ನಿಲ್ಸಿದ್ರೆ ಸಾಯ್ತೀನಿ.”

ನಾದಿನಿ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. ಭಾವ ಕೂತರು. ಕೂತು ಮಾತು ಮುಂದುವರಿಸಿದರು. ಕೈ ಇಲ್ಲದವಳು ಬೋರ್ಡಿನ ಮೇಲೆ ಏನು ಬರೆದಾಳು, ಮಕ್ಕಳು ನಗುವುದಿಲ್ಲವೇ, ಮನೆಯ ಮರ್ಯಾದೆ ಏನಾಗಬೇಕು. ನಾನು ಪರದೆಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟೆ: “ಕೈ ಇಲ್ಲ ಅಂತ ಯಾರಂದ್ರು? ಇಗಳಿ, ಇಲ್ಲೇ ಐತಲ್ಲ. ಆಡ್ತಾ ಇರೋದು ಅದೇ.”

ಆ ಮಾತು ಮುಗಿಯುವ ಮೊದಲೇ ಬೆಂಕಿಯ ಗೆರೆ ಬಂತು. ನನ್ನ ಮುದುಕಿ ಬಿದ್ದಳು. ಪರದೆ ಕಪ್ಪಾಯಿತು.

“ನೋಡ್ದಾ?” ಭಾವ ಅಂದರು, ಕೊಂಕಿಲ್ಲದೆ, ನಿಜವಾದ ಮರುಕದಿಂದ. “ಸೋತೋದೆ.”

“ಹೂಂ, ಸೋತೆ. ನಾಳೆ ಮತ್ತೆ ಓಗ್ತೀನಿ” ಎಂದೆ. ಆಮೇಲೆ ಎದ್ದು ನಿಂತೆ, ಅವರ ಕಡೆ ತಿರುಗಿದೆ. “ಭಾವ, ನಾನು ರಾಜೀನಾಮೆ ಕೊಡಕಿಲ್ಲ. ಲೈಬ್ರರಿಗೂ ಓಗಕಿಲ್ಲ. ಮಕ್ಳು ನಗ್ಲಿ. ನಕ್ಕ್ ಮುಗಿಸಿದ್ ಮ್ಯಾಲೆ ಲೆಕ್ಕ ಮಾಡ್ತವೆ. ನೀವು ಕಾಫಿ ಕುಡೀರಿ.”

ಭಾವ ನನ್ನ ಗಂಡನ ಮುಖ ನೋಡಿದರು. ಮನೆಯಲ್ಲಿ ಅಣ್ಣನ ಎದುರು ಎಂದೂ ಮಾತಾಡದ ಮನುಷ್ಯ ಅವರು. “ಅವ್ಳ್ ಕೆಲ್ಸ ಅಣ್ಣಯ್ಯ, ಅವ್ಳಿಗೇ ಬುಟ್‌ಬುಡು” ಎಂದರು. ಅಷ್ಟೇ. ಆದರೆ ಅವರ ಕಿವಿ ಕೆಂಪಾಗಿದ್ದುದನ್ನು ನಾನು ನೋಡಿದೆ.

ಭಾವ ಕಾಫಿ ಕುಡಿಯದೆ ಹೋದರು. ಆಮೇಲೆ ಬಹಳ ದಿನ ಮಾತು ಬಿಟ್ಟರು. ಅದರ ಬಗ್ಗೆ ನನಗೆ ಬೇಸರವಿದೆ, ಆದರೆ ಆ ಮಾತುಗಳಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿಲ್ಲ.

ಕೆಂಡದವನು ಸತ್ತದ್ದು ಮರುದಿನ ಅಲ್ಲ, ಅದರ ಮರುದಿನವೂ ಅಲ್ಲ. ಶಾಲೆ ತೆರೆಯಲು ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಒಂದು ಬೆಳಿಗ್ಗೆ, ನಾದಿನಿ ಆಫೀಸಿಗೆ ಹೋಗಿದ್ದಳು, ಕುಕ್ಕರಿನಲ್ಲಿ ಹುರುಳಿಕಾಳು ಬೇಯುತ್ತಿತ್ತು. ವಿಶೇಷ ಹುಮ್ಮಸ್ಸೇನೂ ಇರಲಿಲ್ಲ, ರೂಢಿಯ ಹಾಗೆ ಹೋಗಿ ಆ ಕಲ್ಲಿನ ಬಾಗಿಲು ತಳ್ಳಿದೆ. ಅವನು ಎದ್ದ. ಕೈ ತಟ್ಟಿದ, ಸರಿದೆ. ಉಸಿರೆಳೆದ, ಕಂಬದ ಹಿಂದೆ ನಿಂತೆ. ನೀರು ಹೊಡೆದೆ. ಕಪ್ಪಾದ. ಓಡಿ ಹೋದೆ. ತೋರುಬೆರಳನ್ನು ಮಡಚಿದೆ. ಚರ್ಮ ಎಳೆಯಿತು, ಎಳೆಯಲಿ ಎಂದು ಇನ್ನೂ ಒತ್ತಿದೆ. ಗದೆ ಇಳಿಯಿತು. ಅವನ ಎದೆಯ ಒಂದು ತುಂಡು ಕಳಚಿ ಬಿತ್ತು.

ಕೊನೆಕೊನೆಗೆ ಅವನ ಬೆಂಕಿ ನೀಲಿಯಾಗುತ್ತದೆ. ಗ್ಯಾಸಿನ ಉರಿಯ ಅದೇ ನೀಲಿ. ನನ್ನ ಬೆನ್ನು ಬೆವರಿತು. ಹಿಂದಕ್ಕೆ ಓಡಬೇಕೆನ್ನಿಸಿತು. ಓಡಲಿಲ್ಲ. “ಬಾರಲಾ, ಬಾ” ಎಂದೆ ಗಟ್ಟಿಯಾಗಿ, ಖಾಲಿ ಮನೆಯಲ್ಲಿ, ಊರಿನಲ್ಲಿ ನಮ್ಮಪ್ಪ ಹೋರಿಯನ್ನು ಕರೆಯುತ್ತಿದ್ದ ದನಿಯಲ್ಲಿ. “ನೀ ಸುಟ್ಟಿದ್ ಕೈ ಇದೇ ಕಣ್ಲಾ, ನೋಡು!” ಕಿರಂಗೂರಿನ ಬೆಂಕಿಗೂ ಈ ಪರದೆಯ ಗೊಂಬೆಗೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ಗೊತ್ತು. ಆಗಲೂ ಗೊತ್ತಿತ್ತು. ಆದರೂ ಕೂಗಿದೆ. ಕೊನೆಯ ಏಟಿಗೆ ಅವನು ನಿಂತಲ್ಲೇ ಬಿರುಕುಬಿಟ್ಟು, ಬೂದಿಯಾಗಿ, ಆ ಹೊಂಡದೊಳಕ್ಕೆ ಸುರಿದುಹೋದ.

ಮಂಟಪ ನಿಶ್ಶಬ್ದವಾಯಿತು. ಮುದುಕಿ ಗದೆ ಊರಿಕೊಂಡು ನಿಂತಿದ್ದಳು. ನೋಡಲು ಯಾರೂ ಇರಲಿಲ್ಲ. ನಾದಿನಿಗೆ ಫೋನ್ ಮಾಡಿದೆ. “ಸತ್ತ ಕಣೆ” ಎಂದೆ. ಅತ್ತ ಕಡೆಯಿಂದ ಅವಳು ಆಫೀಸೆಂಬುದನ್ನು ಮರೆತು ಕಿರುಚಿದಳು. ಯಾರು ಸತ್ತರು ಎಂದು ಅಲ್ಲಿದ್ದವರೆಲ್ಲ ಗಾಬರಿಯಾಗಿ ಎದ್ದರಂತೆ.

ಇದನ್ನು ಹೇಳಿದಾಗ ಕೆಲವರು ಕೇಳುತ್ತಾರೆ: ಹಾಗಾದರೆ ಬೆಂಕಿಯ ಭಯ ಹೋಯಿತೇ? ಹೋಗಲಿಲ್ಲ. ಇವತ್ತಿಗೂ ನಾನು ಎಣ್ಣೆಯ ಬಾಣಲೆಯ ಹತ್ತಿರ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ವಡೆ ಬೇಕಾದವರು ಹೋಟೆಲಿಗೆ ಹೋಗುತ್ತಾರೆ. ಎಲ್ಲ ಭಯವನ್ನೂ ಗೆಲ್ಲಬೇಕೆಂದು ನಾನು ಯಾರಿಗೂ ಬರೆದುಕೊಟ್ಟಿಲ್ಲ.

ಶಾಲೆ ತೆರೆದ ದಿನ ನಾನು ಲೈಬ್ರರಿಗೆ ಹೋಗದೆ ನೇರವಾಗಿ ಹತ್ತನೇ ಕ್ಲಾಸಿಗೆ ಹೋದೆ. ಹೆಡ್‌ಮಾಸ್ಟರು ಬಾಗಿಲವರೆಗೆ ಬಂದು, ನಿಂತು, ವಾಪಸು ಹೋದರು. ಸೀಮೆಸುಣ್ಣ ಎತ್ತಿಕೊಂಡೆ. ನನ್ನ ಅಕ್ಷರ ಹಿಂದೆ ಮುತ್ತಿನಂತಿತ್ತು. ಈಗ ಅಂಕಿಗಳು ಏರಿನ ದಾರಿಯಲ್ಲಿ ಹೋಗುವ ಕುರಿಗಳ ಹಾಗೆ ಮೇಲಕ್ಕೂ ಕೆಳಕ್ಕೂ ಹೋದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. “ಓದೋಕೆ ಆಗದಿದ್ರೆ ಕೇಳಿ, ಮತ್ತೆ ಬರೀತೀನಿ. ಎಷ್ಟು ಸಲ ಬೇಕಾದ್ರೂ ಬರೀತೀನಿ” ಎಂದೆ. ಒಬ್ಬಳು ಕೇಳಿದಳು. ಅಳಿಸಿ ಮತ್ತೆ ಬರೆದೆ. ಆ ಗಂಟೆ ಮುಗಿಯುವ ಹೊತ್ತಿಗೆ ಅವರು ಸಮೀಕರಣ ಬಿಡಿಸುತ್ತಿದ್ದರು, ನನ್ನ ಕೈಯನ್ನು ಮರೆತಿದ್ದರು.

ಈಚೆಗೆ ಒಂದು ಕೆಲಸಕ್ಕೆ ಶ್ರೀರಂಗಪಟ್ಟಣದ ಕಚೇರಿಯೊಂದಕ್ಕೆ ಹೋಗಿದ್ದೆ. ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ಮೇಜಿನ ಆಚೆಯವರು ನನ್ನ ಕೈ ನೋಡಿದರು. ಕೂಡಲೇ, ಸಹಾಯ ಮಾಡುವವರ ಮುಖ ಮಾಡಿಕೊಂಡು, ಶಾಯಿಯ ಡಬ್ಬಿಯನ್ನು ನನ್ನ ಮುಂದಕ್ಕೆ ಸರಿಸಿದರು. “ಎಬ್ಬೆಟ್ಟು ಒತ್ತಿ ಸಾಕು ಕಣಮ್ಮ, ಪಾಪ.”

ನಾನು ಡಬ್ಬಿಯ ಮುಚ್ಚಳ ಮುಚ್ಚಿ ಅವರ ಕಡೆಗೇ ಸರಿಸಿದೆ. “ಪೆನ್ ಕೊಡಿ” ಎಂದೆ.

ಅವರು ಕೊಟ್ಟರು. ನನ್ನ ಹಿಂದೆ ಉದ್ದನೆಯ ಸಾಲಿತ್ತು, ಮಧ್ಯಾಹ್ನದ ಊಟದ ಹೊತ್ತು ಹತ್ತಿರ ಬಂದಿತ್ತು, ಯಾರೋ ಕೆಮ್ಮಿದರು, ಯಾರೋ “ಬೇಗ ಆಗ್ಲಿ” ಎಂದರು. ನಾನು ಪೆನ್ನನ್ನು ಬೆರಳುಗಳ ನಡುವೆ ಸರಿಯಾಗಿ ಕೂರಿಸಿಕೊಂಡೆ. ಸಹಿ ಅಂದರೆ ಸಾಮಾನ್ಯವಾಗಿ ಒಂದು ಗೀಚು. ನಾನು ಆ ದಿನ ಗೀಚಲಿಲ್ಲ. ನನ್ನ ಹೆಸರನ್ನು, ಅಪ್ಪನ ಊರಿನ ಅಕ್ಷರ ಮೊದಲುಗೊಂಡು, ಒತ್ತು ದೀರ್ಘ ಒಂದೂ ಬಿಡದೆ, ಪೂರ್ತಿ ಬರೆದೆ.